ಗೊಂಬೆಯ ಮುಖವೇ ಮುಚ್ಚಿಹೋಗುತ್ತಿದೆ, ಏನು ಮಾಡಲಿ?

ಕೇಳಿದವರು: ನಮಸ್ಕಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ಎರಡು ವರ್ಷವಾಯಿತು. ವಾರ್‌ಹ್ಯಾಮರ್ ಅಂತ, ಪುಟ್ಟ ಸೈನಿಕರ ಗೊಂಬೆಗಳನ್ನು ಜೋಡಿಸಿ, ಬಣ್ಣ ಬಳಿದು ಮೇಜಿನ ಮೇಲೆ ಆಡುವ ಆಟ ಇದೆಯಲ್ಲ, ಅದರ ಕಂಪನಿ ಇದೇ ಊರಿನದು ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಅವರ ಪ್ರದರ್ಶನ ನೋಡಿದ ಮಗಳು ಹಟ ಹಿಡಿದಳು, ಒಂದು ಪೆಟ್ಟಿಗೆ ತಂದೆವು. ಐದು ಸೈನಿಕರಿಗೆ ಬಣ್ಣ ಬಳಿದೆ. ಕಣ್ಣು ಮೂಗು ಎಲ್ಲ ಮುಚ್ಚಿ, ಗೋಡೆಗೆ ಸುಣ್ಣ ಮೆತ್ತಿದ ಹಾಗಾಗಿದೆ. ಮೈಯೆಲ್ಲ ತರಿತರಿ ಬೇರೆ. ಬ್ರಶ್ ದಪ್ಪವಾಯಿತಾ? ಮೂರು ಸೊನ್ನೆ (000) ನಂಬರಿನ ತೀರಾ ಸಣ್ಣ ಬ್ರಶ್ ತಗೊಳ್ಳಲಾ?

ಬೆಂಗಳೂರಿನಿಂದ: ಸಾರ್, ಬ್ರಶ್ಶಿನ ತಪ್ಪಲ್ಲ. ಬಣ್ಣವನ್ನು ಡಬ್ಬಿಯಿಂದ ತೆಗೆದು ಹಾಗೇ ಬಳಿದಿದ್ದೀರಿ, ಅಲ್ವಾ? ನಾನೂ ಮೊದಲ ಇಪ್ಪತ್ತು ಗೊಂಬೆ ಹಾಗೇ ಹಾಳು ಮಾಡಿದವನು. ಇಡೀ ಗೊಂಬೆಯೇ ಸುಮಾರು 28 ಮಿಲಿಮೀಟರ್ ಎತ್ತರ. ಮುಖ ಅಂದರೆ ಒಂದು ಹೆಸರುಕಾಳು. ಮೂಗಿನ ಪಕ್ಕದ ಗೆರೆ ತುಂಬಲು ಎಷ್ಟು ಬಣ್ಣ ಬೇಕು ಹೇಳಿ.

ನೀರು ಸೇರಿಸಿ. ಹಾಲಿನ ಹಾಗಿರಲಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ, ನನಗೆ ಅರ್ಥವಾಗಿದ್ದು ನೀರುದೋಸೆ ಹಿಟ್ಟಿನ ಹದ. ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ. ಉಗುರು ಸ್ವಲ್ಪ ಕಾಣಬೇಕು, ಆದರೆ ಬಣ್ಣ ಅಂಚಿಗೆ ಓಡಬಾರದು. ಮೊದಲ ಕೋಟ್ ತೇಪೆ ತೇಪೆಯಾಗಿ ಕಾಣುತ್ತದೆ. ಆಗ ಕೈ ಸುಮ್ನಿರುವುದಿಲ್ಲ, ಇನ್ನೊಂದು ಸಲ ತೀಡೋಣ ಅನಿಸುತ್ತದೆ. ಬೇಡ! ಅರ್ಧ ಒಣಗಿದ್ದನ್ನು ತೀಡಿದರೆ ಸಿಪ್ಪೆ ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಎರಡನೆಯದು. ಹಳದಿ, ಬಿಳಿ ಆದರೆ ಮೂರು ನಾಲ್ಕು ಸಲವೂ ಬೇಕಾಗುತ್ತದೆ.

ಬಣ್ಣ ಬೇಗ ಒಣಗುತ್ತದೆ ಅಂತಿದ್ದರೆ ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೇಕಿಂಗ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲಸಿ. ಮುಚ್ಚಿಟ್ಟರೆ ಮಾರನೇ ದಿನವೂ ಹಸಿ ಇರುತ್ತದೆ. ಮೇಣ ಸವರಿದ ಹಾಳೆ ಮಾತ್ರ ಬೇಡ, ನೀರು ಮೇಲಕ್ಕೆ ಬರುವುದಿಲ್ಲ.

ಮೂರು ಸೊನ್ನೆಗೆ ದುಡ್ಡು ಹಾಕಬೇಡಿ. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಗೊಂಬೆ ಮುಟ್ಟುವಷ್ಟರಲ್ಲಿ ತುದಿ ಒಣಗಿರುತ್ತದೆ. ಚೂಪು ತುದಿಯ 1ನೇ ನಂಬರ್ ಸಾಕು, ಕಣ್ಣನ್ನೂ ಅದರಲ್ಲೇ ಬಿಡಿಸಬಹುದು. ವಿನ್ಸರ್ ಆ್ಯಂಡ್ ನ್ಯೂಟನ್‌ನವರ ಸೀರೀಸ್ 7 ನಿಮ್ಮಲ್ಲಿ ಸುಲಭವಾಗಿ ಸಿಗುತ್ತದೆ. 1866ರಲ್ಲಿ ವಿಕ್ಟೋರಿಯಾ ರಾಣಿ ಮಾಡಿಸಿಕೊಂಡ ಬ್ರಶ್ಶಿನ ವಂಶ ಅದು. ಆದರೆ ಕಲಿಯುವಾಗ ಅಗ್ಗದ್ದೇ ಇರಲಿ. ಬಣ್ಣವನ್ನು ಕೂದಲಿನ ಅರ್ಧಕ್ಕಿಂತ ಮೇಲೆ ಏರಲು ಬಿಡಬೇಡಿ. ಲೋಹದ ಕೊಳವೆಯೊಳಗೆ ಒಣಗಿದರೆ ತುದಿ ಪೊರಕೆಯಾಗುತ್ತದೆ. ಅದ್ದಿದ ಮೇಲೆ ಒಂದು ಸಲ ಟಿಶ್ಯೂಗೆ ತಾಗಿಸಿ ಆಮೇಲೆ ಗೊಂಬೆಗೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಒಂದು ವರ್ಷ ದಂಡವಾಯಿತು.

ಮಂಗಳೂರಿನಿಂದ: ತರಿತರಿ ಅಂದಿರಲ್ಲ, ಅದು ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳಪದರದ ಕೆಲಸ ಇರಬೇಕು ಮಾರಾಯ್ರೆ. ನಾನು ಜುಲೈಯಲ್ಲಿ, ಮಳೆ ಸ್ವಲ್ಪ ಬಿಟ್ಟಿತು ಅಂತ ಟೆರೇಸಿಗೆ ಓಡಿ ಹತ್ತು ಗೊಂಬೆಗೆ ಪ್ರೈಮರ್ ಸ್ಪ್ರೇ ಹೊಡೆದೆ. ಒಣಗಿದ ಮೇಲೆ ನೋಡಿದರೆ ಹತ್ತೂ ಕಾಣೆ ಮೀನಿನ ರವಾ ಫ್ರೈ! ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹೀಗೇ. ತುಂಬಾ ದೂರದಿಂದ ಹೊಡೆದರೂ ಅಷ್ಟೇ, ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. 20ರಿಂದ 30 ಸೆಂಟಿಮೀಟರ್ ದೂರ ಸಾಕು. ಮೊದಲು ಕ್ಯಾನನ್ನು ಎರಡು ನಿಮಿಷ ಚೆನ್ನಾಗಿ ಅಲುಗಾಡಿಸಿ. ಒಂದೇ ಕಡೆ ಹಿಡಿದು ನಿಲ್ಲಬೇಡಿ, ಬೀಸುತ್ತಾ ಹೊಡೆಯಿರಿ. ನಿಮ್ಮ ಚಳಿಗಾಲವೂ ಒದ್ದೆಯೇ ಅಲ್ವಾ? ಆಗ ಬ್ರಶ್ಶಿನಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಕ್ಯಾನ್ ಮುಟ್ಟುವುದಿಲ್ಲ.

ಮೈಸೂರಿನಿಂದ: ಆ ಐದನ್ನು ಬಿಸಾಡಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒಂದಷ್ಟು ಹೊತ್ತು ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದರೆ ಬಣ್ಣ ಬಿಡುತ್ತದೆ. ಕಿಟಕಿ ತೆರೆದಿಡಿ, ಕೈಗವಸು ಹಾಕಿ, ಒಲೆ ಹತ್ತಿರ ಬೇಡ. ನೇಲ್ ಪಾಲಿಶ್ ರಿಮೂವರ್ ಅಂತೂ ಮುಟ್ಟಲೇಬೇಡಿ. ನಾನು ಮನೆಯವಳ ಬಾಟಲಿ ಕದ್ದು ಪ್ರಯೋಗ ಮಾಡಿದೆ. ಪ್ಲಾಸ್ಟಿಕ್ ಗೊಂಬೆ ಕರಗಿ ಅಂಟುಂಡೆಯಾಯಿತು, ಬಾಟಲಿಯ ವಿಷಯಕ್ಕೆ ಬೈಗುಳವೂ ಸಿಕ್ಕಿತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಆರನೆಯವನ ಮೂಗು ಕಾಣುತ್ತಿದೆ! ಮಗಳು ಅವನಿಗೆ ಕಣ್ಣುಗುಡ್ಡೆ ಇಟ್ಟಳು, ಒಂದು ಎಡಕ್ಕೆ, ಇನ್ನೊಂದು ಆಕಾಶಕ್ಕೆ ನೋಡುತ್ತಿದೆ.

ಬೆಂಗಳೂರಿನಿಂದ: ಹ್ಹಹ್ಹ. ಚುಕ್ಕೆ ಇಟ್ಟರೆ ಹಾಗಾಗುತ್ತದೆ. ಮೊದಲು ಕಣ್ಣಿನ ಗುಳಿಗೆ ಕಡುಕಂದು, ಅದರ ಮೇಲೆ ಅಡ್ಡಕ್ಕೆ ಬಿಳಿ ಗೆರೆ, ಆಮೇಲೆ ರೆಪ್ಪೆಯಿಂದ ರೆಪ್ಪೆಗೆ ಉದ್ದಕ್ಕೆ ಒಂದು ಕಪ್ಪು ಗೆರೆ. ಕೆಟ್ಟರೆ ಪಕ್ಕಕ್ಕೆ ಚರ್ಮದ ಬಣ್ಣ ಹಚ್ಚಿ ತಿದ್ದಿಕೊಳ್ಳಿ. ಅದೂ ಬೇಡ ಅನಿಸಿದರೆ ಹೆಲ್ಮೆಟ್ ತಲೆ ಅಂಟಿಸಿಬಿಡಿ, ನನ್ನ ಸೈನ್ಯದಲ್ಲಿ ಮುಕ್ಕಾಲು ಪಾಲು ಜನ ಹಾಗೇ ಇದ್ದಾರೆ.