2800 ಮೀಟರ್ ಆಳದ ಕೆಸರಿನಲ್ಲಿ ಫೋರಾಮ್ ಚಿಪ್ಪೇ ಇಲ್ಲ, ಎಲ್ಲಿ ತಪ್ಪಿದೆ?

ಕೆಸರುಕೈ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಕಾರವಾರದಾಚೆ ಅರಬ್ಬಿ ಸಮುದ್ರದ ಮೂರು ಸ್ಯಾಂಪಲ್ ಸಿಕ್ಕಿವೆ, 60, 600 ಮತ್ತು 2800 ಮೀಟರ್ ಆಳದ್ದು. ಆಳ ಹೆಚ್ಚಾದ ಹಾಗೆ ಫೋರಾಮಿನಿಫೆರಾ (ಫೋರಾಮ್, ಚಿಪ್ಪು ಕಟ್ಟಿಕೊಳ್ಳುವ ಏಕಕೋಶ ಜೀವಿ) ಜಾತಿಗಳು ಹೇಗೆ ಬದಲಾಗುತ್ತವೆ ಅಂತ ನೋಡಬೇಕು. 60ರಲ್ಲಿ ಚಿಪ್ಪು ಬೇಕಾದಷ್ಟಿವೆ. 600ರಲ್ಲಿ ಎಣಿಸಿ ಸುಸ್ತಾಗುವಷ್ಟಿವೆ, ಆದರೆ ಸುತ್ತಿ ಸುತ್ತಿ ಅದೇ ಮೂರ್ನಾಲ್ಕು ಜಾತಿ. 2800ರಲ್ಲಿ ಸುಣ್ಣದ ಚಿಪ್ಪು ಒಂದೂ ಇಲ್ಲ, ಮರಳಿನ ಕಣ ಅಂಟಿಸಿಕೊಂಡು ಮನೆ ಕಟ್ಟುವ ಜಾತಿಗಳು ಮಾತ್ರ. ಆಳದಲ್ಲಿ ಸುಣ್ಣ ಕರಗುತ್ತೆ ಅಂತ ಓದಿದ್ದೇನೆ, ಹಾಗೇ ಬರೆದುಬಿಡಲಾ? ಜರಡಿ 63 ಮೈಕ್ರಾನ್, ಬದುಕಿದ್ದವನ್ನು ಗುರುತಿಸೋಕೆ ಹಾಕಿದ ಗುಲಾಬಿ ಬಣ್ಣ ರೋಸ್ ಬೆಂಗಾಲ್.

ಜರಡಿಯಣ್ಣ:
ತಡೀರಿ, ಬರೀಬೇಡಿ. ಸುಣ್ಣ ಪೂರ್ತಿ ಕರಗೋದು ಸಾಮಾನ್ಯವಾಗಿ 4000–5000 ಮೀಟರ್ ದಾಟಿದ ಮೇಲೆ. 2800ರಲ್ಲಿ ತಳದವು ಇರಲಿ, ಮೇಲಿನ ನೀರಿನಲ್ಲಿ ತೇಲಿ ಸತ್ತು ಬೀಳುವ ಗ್ಲೋಬಿಜೆರಿನಾ ಚಿಪ್ಪುಗಳೇ ರಾಶಿ ಇರಬೇಕಿತ್ತು. ಅವೂ ಇಲ್ಲ ಅಂದ್ರೆ ನನಗೆ ಸಮುದ್ರಕ್ಕಿಂತ ನಿಮ್ಮ ಬಾಟಲಿ ಮೇಲೇ ಅನುಮಾನ. ಮೂರು ವಿಷಯ ಹೇಳಿ: ಯಾವುದರಲ್ಲಿ ಇಟ್ಟಿದ್ರು, ಎಷ್ಟು ದಿನ, ಮತ್ತೆ ಡಿಶ್‌ನಲ್ಲಿ ತೆಳ್ಳಗೆ ಗುಲಾಬಿ ಪೊರೆ ಥರ ಏನಾದ್ರೂ ಕಾಣುತ್ತಾ?

ಕೆಸರುಕೈ:
ಅಯ್ಯೋ ಸರ್, ಕಾಣುತ್ತೆ! ಸಣ್ಣ ಸಣ್ಣ ಸುರುಳಿ, ಹಾವಿನ ಪೊರೆ ಹಾಗೆ, ಬ್ರಷ್ ತಾಗಿಸಿದರೆ ಮುದುಡಿಕೊಳ್ಳುತ್ತೆ. ನಾನು ಕಸ ಅಂದುಕೊಂಡು ಬದಿಗೆ ತಳ್ಳಿದ್ದೆ. ಕೊಳೆಯದಿರಲಿ ಅಂತ ಫಾರ್ಮಲಿನ್‌ನಲ್ಲಿ ಎಂಟು ತಿಂಗಳು ಇಟ್ಟಿದ್ದರು. ಜಾಗ ಉಳಿಸೋಕೆ ಅಂತ 2800ರದ್ದನ್ನು ಮಾತ್ರ ಹಡಗಿನಲ್ಲೇ ತೊಳೆದು, ಜರಡಿಯಲ್ಲಿ ಉಳಿದ ಚಿಟಿಕೆಯಷ್ಟನ್ನು ಬಾಟಲಿಗೆ ಹಾಕಿದ್ದರಂತೆ.

ಜರಡಿಯಣ್ಣ:
ಸಿಕ್ಕಿತು ನೋಡಿ. ಆ ಸುರುಳಿ ಕಸ ಅಲ್ಲ, ಫೋರಾಮ್‌ನ ಒಳಪೊರೆ. ಚಿಪ್ಪು ಕರಗಿ ಅಂಗಿ ಮಾತ್ರ ಉಳಿದಿದೆ. ಫಾರ್ಮಲಿನ್ ಹಳೆಯದಾದ ಹಾಗೆ ಅದರಲ್ಲಿ ಫಾರ್ಮಿಕ್ ಆಸಿಡ್ ಹುಟ್ಟುತ್ತೆ, ಕೆಂಪಿರುವೆ ಕಚ್ಚಿದಾಗ ಉರಿಯುತ್ತಲ್ಲ, ಅದೇ. ಉಳಿದೆರಡು ಬಾಟಲಿಗಳಲ್ಲಿ ಕೆಸರು ಇದ್ದ ಹಾಗೇ ಇತ್ತು, ಅದರ ಸುಣ್ಣದ ಪುಡಿಯೇ ಆಸಿಡ್ ನುಂಗಿಕೊಂಡು ಚಿಪ್ಪು ಉಳಿಸಿತು. ಇದರಲ್ಲಿ ಆ ಪುಡಿಯನ್ನೆಲ್ಲ ತೊಳೆದು ಚೆಲ್ಲಿದ್ದಾರೆ. ಮರಳಿನ ಮನೆಯವಕ್ಕೆ ಸುಣ್ಣದ ಹಂಗಿಲ್ಲ, ಹಾಗಾಗಿ ಬಚಾವಾದವು. ಪಿಎಚ್ ಪೇಪರ್ ಅದ್ದಿ ನೋಡಿ.

ಉಪ್ಪುನೀರು:
ಮಧ್ಯೆ ಬಾಯಿ ಹಾಕ್ತೀನಿ, 600ರ ಬಗ್ಗೆ ಯಾರೂ ಹೇಳಲಿಲ್ಲ. ಅದು ತಪ್ಪಲ್ಲಮ್ಮ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1200 ಮೀಟರ್‌ವರೆಗೆ ನೀರಲ್ಲಿ ಆಕ್ಸಿಜನ್ ತೀರಾ ಕಡಿಮೆ, ಊಟ ಮಾತ್ರ ಜಾಸ್ತಿ. ಉಸಿರು ಬಿಗಿಹಿಡಿದು ಬದುಕಬಲ್ಲ ಕೆಲವೇ ಜಾತಿಗಳು ಅಲ್ಲಿ ಸಂತೆ ನೆರೆಯುತ್ತವೆ. ಜಡೆ ಹೆಣೆದ ಹಾಗೆ ಎರಡು ಸಾಲು ಕೋಣೆ, ಚಪ್ಪಟೆ ಇದ್ದರೆ ಬೊಲಿವಿನಾ. ದಪ್ಪಗೆ, ಮೈಮೇಲೆ ಉದ್ದುದ್ದ ಗೆರೆ ಇದ್ದರೆ ಯೂವಿಜೆರಿನಾ ಇರಬಹುದು. ಇನ್ನೊಂದು ಮಾತು, ತೇಲುವ ಜಾತಿಗಳ ಚಿಪ್ಪನ್ನು ತಳದವುಗಳ ಲೆಕ್ಕಕ್ಕೆ ಸೇರಿಸಬೇಡಿ. ನಾನು ಮೊದಲ ವರ್ಷ ಸೇರಿಸಿ ಬೈಸಿಕೊಂಡಿದ್ದೆ.

ಕೆಸರುಕೈ:
ಪಿಎಚ್ 5 ಬಂತು, ಆಸಿಡ್ಡೇ. ಅಳೋದೊಂದು ಬಾಕಿ. ಒಳಪೊರೆ ನೋಡಿ ಜಾತಿ ಹೇಳೋಕಾಗುತ್ತಾ?

ಜರಡಿಯಣ್ಣ:
ನಂಬುವಷ್ಟು ಆಗಲ್ಲ. ಅದೇ ಕೋರ್‌ನ (ಕೊಳವೆಯಲ್ಲಿ ತೆಗೆದ ಕೆಸರಿನ ಕಂಬದ) ಇನ್ನರ್ಧ ಒಣಗಿಸಿ ಇಟ್ಟಿದ್ದಾರಾ ಕೇಳಿ. ಇನ್ನು ಮುಂದೆ 70%ಗಿಂತ ಕಡಿಮೆಯಿಲ್ಲದ ಎಥನಾಲ್ ಬಳಸಿ, ಲೀಟರಿಗೆ 2 ಗ್ರಾಂ ರೋಸ್ ಬೆಂಗಾಲ್, ಎರಡು ವಾರವಾದ್ರೂ ನೆನೆಯಲಿ. ಫಾರ್ಮಲಿನ್ನೇ ಗತಿ ಅಂದ್ರೆ ಬಿಳಿಗಾರ ಹಾಕಿ ಪಿಎಚ್ 8ರ ಮೇಲಿಡಿ, ಆಗಾಗ ಅಳೀರಿ. ಹಾಗಂತ ಚಿಪ್ಪಿಲ್ಲದ್ದೆಲ್ಲ ಬಾಟಲಿಯ ತಪ್ಪೂ ಅಲ್ಲ. ಮರಿಯಾನಾ ಕಂದಕದಲ್ಲಿ ಸುಮಾರು 10,900 ಮೀಟರ್ ಕೆಳಗಿಂದ ಜಪಾನಿನ ಕೈಕೋ ಯಂತ್ರ 2002ರಲ್ಲಿ ತಂದ ಕೆಸರಿನ ಫೋರಾಮ್‌ಗಳಲ್ಲಿ ಬಹುಪಾಲು ಸುಣ್ಣವೇ ಇಲ್ಲದ ಮೆದು ಗೋಡೆಯವು. ಅಲ್ಲಿ ಅದು ನಿಜ, ನಿಮ್ಮ 2800ರಲ್ಲಿ ಅಲ್ಲ.

ಕೆಸರುಕೈ:
ಅಪ್ಡೇಟ್: ಒಣಗಿಸಿಟ್ಟ ಅರ್ಧ ಸಿಕ್ಕಿತು, ನಿನ್ನೆ ತೊಳೆದೆ. ಟ್ರೇ ತುಂಬಾ ಬಿಳಿ ಚಿಪ್ಪು, ಬೊಂಬಾಯಿ ರವೆ ಚೆಲ್ಲಿದ ಹಾಗೆ! ಬಹುಪಾಲು ತೇಲುವವೇ, ತಳದವನ್ನು ಒಂದೊಂದಾಗಿ ಆರಿಸಬೇಕು. ಬಣ್ಣ ಹಾಕದೆ ಒಣಗಿಸಿದ್ದರಿಂದ ಬದುಕಿದ್ದವು ಯಾವುವು ಅಂತ ಇನ್ನು ಗೊತ್ತಾಗಲ್ಲ, ಅದನ್ನ ವರದಿಯಲ್ಲಿ ಹಾಗೇ ಬರೀತೀನಿ. ಇಬ್ಬರಿಗೂ ಥ್ಯಾಂಕ್ಸ್.