ಎಲ್‌ಡಿಪಿಇ (ಚೀಲ ಮಾಡುವ ಮೆತ್ತನೆ ಪಾಲಿಥೀನ್) ಹರಿವಿನ ಅಳತೆ: 2.0 ಬರಬೇಕಾದ ಕಡೆ 1.25 ಬರ್ತಿದೆ

ಪ್ರಶ್ನೆ (ಮಡಿಕೇರಿ): ಕಾಫಿ ನರ್ಸರಿಯ ಹಳೇ ತೊಟ್ಟೆಗಳನ್ನು (ಪಾಲಿಥೀನ್ ಚೀಲ) ಕರಗಿಸಿ ಮೆಣಸಿನ ಬಳ್ಳಿ ಕಟ್ಟುವ ಪಟ್ಟಿ ತೆಗೆಯಬೇಕು. ಮಾಲಿನ ಹರಿವು ನೋಡಲು ಎಂಎಫ್‌ಐ (ಕರಗಿದ ಮಾಲು 10 ನಿಮಿಷದಲ್ಲಿ ಎಷ್ಟು ಗ್ರಾಂ ಹರಿಯುತ್ತದೆ ಎಂಬ ಅಳತೆ) ಉಪಕರಣ ಮಾಡಿಕೊಂಡಿದ್ದೇನೆ. ಬ್ಯಾರೆಲ್ ಒಳವ್ಯಾಸ 10 ಮಿ.ಮೀ., ಡೈ (ಮಾಲು ಹೊರಬರುವ ರಂಧ್ರದ ಬಿಲ್ಲೆ) 2 ಮಿ.ಮೀ. ಡ್ರಿಲ್‌ನಲ್ಲಿ ಕೊರೆದದ್ದು, ಉದ್ದ 8 ಮಿ.ಮೀ. ಪಿಸ್ಟನ್ ಸೇರಿ ಭಾರ 2.16 ಕೆ.ಜಿ., ತಾಪ 190 ಡಿಗ್ರಿ. ಥರ್ಮೋಕಪಲ್ (ತಾಪ ಅಳೆಯುವ ತಂತಿ) ಕುದಿಯುವ ನೀರಿನಲ್ಲಿ 96 ತೋರಿಸಿತು, ಅದಕ್ಕೆ +4 ಆಫ್‌ಸೆಟ್ ಕೊಟ್ಟಿದ್ದೇನೆ. ಎಂಎಫ್‌ಐ 2.0 ಇರುವ ಹೊಸ ಗ್ರ್ಯಾನ್ಯೂಲ್ ಹಾಕಿದರೆ ನಿಮಿಷಕ್ಕೆ ಸುಮಾರು 0.12 ಗ್ರಾಂ ಎಳೆ, ಅಂದರೆ ಸರಾಸರಿ 1.25. ತಪ್ಪೆಲ್ಲಿ?

ಉತ್ತರ (ಕುಶಾಲನಗರ): ಮೊದಲು ಆ +4 ತೆಗೆದುಬಿಡಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ನಿಮ್ಮ ಥರ್ಮೋಕಪಲ್ ಸರಿಯಾಗಿಯೇ ಇತ್ತು. ಈಗ ಕಂಟ್ರೋಲರ್ 190 ತೋರಿಸುವಾಗ ಒಳಗೆ 186 ಮಾತ್ರ. ಎಲ್‌ಡಿಪಿಇಗೆ ಈ ನಾಲ್ಕು ಡಿಗ್ರಿಯಿಂದಲೇ ಹರಿವು ಸುಮಾರು 10–11% ಇಳಿಯುತ್ತದೆ.

ಎರಡನೆಯದು ಭಾರ. ಪ್ರಮಾಣಿತ ಬ್ಯಾರೆಲ್ 9.55 ಮಿ.ಮೀ. ನಿಮ್ಮದು 10, ಹಾಗಾಗಿ ಅದೇ ಭಾರಕ್ಕೆ ಒತ್ತಡ 9% ಕಡಿಮೆ. ಒಟ್ಟು 2.37 ಕೆ.ಜಿ. ಹಾಕಿ, ಪಿಸ್ಟನ್ ತೂಕವೂ ಅದರಲ್ಲೇ ಬರಬೇಕು.

ಮೂರನೆಯದು ಡೈ, ದೊಡ್ಡ ಪೆಟ್ಟು ಇದರದ್ದೇ. ಪ್ರಮಾಣಿತ ವ್ಯಾಸ 2.095 ಮಿ.ಮೀ. ಹರಿವು ವ್ಯಾಸದ ನಾಲ್ಕನೇ ಘಾತದಂತೆ ಏರಿಳಿಯುವುದರಿಂದ 2.0 ಇದ್ದರೆ 17% ಕುಸಿತ. ಒತ್ತಿದಷ್ಟೂ ತೆಳುವಾಗುವ ಪಾಲಿಥೀನ್‌ನಲ್ಲಿ ಅದು 20% ಸಮೀಪಕ್ಕೆ ಹೋಗುತ್ತದೆ. ಡ್ರಿಲ್ ಬಿಟ್ಟ ಗೀರುಗಳೂ ಲೆಕ್ಕಕ್ಕೆ ಬರುತ್ತವೆ, ಒಳಮೈ ರೀಮರ್ ಹಾಕಿ ನುಣುಪು ಮಾಡಬೇಕು. ಮೂರನ್ನೂ ಗುಣಿಸಿದರೆ ನಿಮ್ಮ 1.25 ಹತ್ತಿರಕ್ಕೇ ಬರುತ್ತದೆ.

ಉತ್ತರ (ಸೋಮವಾರಪೇಟೆ): ತಕ್ಕಡಿಯನ್ನೂ ನೋಡಿ. 0.01 ಗ್ರಾಂ ನಿಖರತೆಯದ್ದಾದರೆ 0.12 ಗ್ರಾಂ ಎಳೆಯಲ್ಲಿ ಒಂದು ಅಂಕಿ ಆಚೀಚೆ ಆದರೂ 8% ತಪ್ಪು. ಐದು ಎಳೆ ಒಟ್ಟಿಗೆ ತೂಗಿ ಐದರಿಂದ ಭಾಗಿಸಿ. ಗುಳ್ಳೆ ಇರುವ ಎಳೆಯನ್ನು ಬಿಸಾಡಿ, ಸರಾಸರಿಗೆ ಸೇರಿಸಬೇಡಿ.

4–6 ಗ್ರಾಂ ಮಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಡ್ಡಿಯಿಂದ ಅದುಮಿ, ಗಾಳಿ ಹೊರಹೋಗಲಿ. 5 ನಿಮಿಷ ಬಿಸಿಯಾಗಲು ಬಿಟ್ಟು ಆಮೇಲೆ ಎಳೆ ಕತ್ತರಿಸಲು ಶುರುಮಾಡಿ.

ಪಿಸ್ಟನ್ ಸಂದಿಯಲ್ಲಿ ಮಾಲು ಮೇಲಕ್ಕೆ ಜಾರುತ್ತಿದೆಯೇ ಎಂದು ಹೀಗೆ ತಿಳಿಯಬಹುದು: 190 ಡಿಗ್ರಿಯಲ್ಲಿ ಕರಗಿದ ಪಾಲಿಥೀನ್ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 0.764 ಗ್ರಾಂ. ನಿಮ್ಮ ಬ್ಯಾರೆಲ್‌ನಲ್ಲಿ ಪಿಸ್ಟನ್ 25 ಮಿ.ಮೀ. ಇಳಿದರೆ 1.5 ಗ್ರಾಂ ಹೊರಬರಬೇಕು. 1.3 ಬಂದರೆ ಸೋರಿಕೆ, ಇಲ್ಲವೇ ಒಳಗೆ ಗಾಳಿ.

ಪ್ರಶ್ನೆ ಕೇಳಿದವರು: ಆಫ್‌ಸೆಟ್ ತೆಗೆದು 2.37 ಕೆ.ಜಿ. ಹಾಕಿದೆ. ಈಗ 1.62, ಮೂರು ಸಲವೂ ಹತ್ತಿರ ಹತ್ತಿರ. ಡೈ ಬದಲಿಸಲೇಬೇಕಾ? ತೊಟ್ಟೆ ಮಾಲು ಮಾತ್ರ ಒಮ್ಮೆ 0.4, ಇನ್ನೊಮ್ಮೆ 0.9.

ಉತ್ತರ (ಕುಶಾಲನಗರ): ಸದ್ಯಕ್ಕೆ ಬೇಡ. 2.0ನ್ನು 1.62ರಿಂದ ಭಾಗಿಸಿದರೆ 1.23. ನಿಮ್ಮ ಓದಿಗೆಲ್ಲ ಇದರಿಂದ ಗುಣಿಸಿ. ಆದರೆ ಆ 2.0 ಡೇಟಾಶೀಟ್‌ನದ್ದಾದರೆ ನಂಬಬೇಡಿ, ಅದೇ ಬ್ಯಾಚಿನ ಪರೀಕ್ಷಾ ಪತ್ರ ಕೇಳಿ ಪಡೆಯಿರಿ. 230 ಡಿಗ್ರಿಯಲ್ಲಿ ಅಳೆಯುವ ಪಿಪಿಗೆ (ಪಾಲಿಪ್ರೊಪಿಲೀನ್) ಈ ಗುಣಕ ನಡೆಯುವುದಿಲ್ಲ.

ತೊಟ್ಟೆಯ ತೊಂದರೆ ಮಣ್ಣು ಮತ್ತು ನೀರಿನದ್ದು. ಪಾಲಿಥೀನ್ ನೀರು ಹೀರುವುದಿಲ್ಲ ನಿಜ, ಆದರೆ ಚೂರುಗಳ ಮಡಿಕೆಯಲ್ಲಿ ನೀರು ನಿಲ್ಲುತ್ತದೆ, ಮಳೆಗಾಲದಲ್ಲಿ ಕೇಳುವುದೇ ಬೇಡ. ತೊಳೆದು 70 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಮರಳಿನ ಕಣ ಡೈ ಬಾಯಿಗೆ ಅಡ್ಡ ಬಂದರೆ 0.4ರಂಥ ಓದು ಬರುತ್ತದೆ. ಜಾಲರಿ ಹಾಕಿ ಒಮ್ಮೆ ಎಳೆದ ಮಾಲನ್ನೇ ಅಳೆಯಿರಿ.

ಹೊಸ ಮಾಲು ಬೆರೆಸುವುದಾದರೆ ನೇರ ಸರಾಸರಿ ಹಿಡಿಯಬೇಡಿ, ಲಾಗರಿದಮ್‌ನ ಸರಾಸರಿ ತೆಗೆಯಬೇಕು. ತಿದ್ದಿದ ಮೇಲೆ 0.5 ಬರುವ ಮಾಲಿಗೆ 2.0ರದ್ದು ಸಮ ತೂಕ ಬೆರೆಸಿದರೆ ಅಂದಾಜು 1.0, 1.25 ಅಲ್ಲ.