ಮಲೆನಾಡ ಮಳೆಗೆ, ದಿನದ ಹಾಡಿಗೆ, ಗೇಮಿಗೆ ತಡೆಯುವ ಹೆಡ್‌ಫೋನ್ ಯಾವುದು?

ಮೂಡಿಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಓದುತ್ತಿದ್ದೇನೆ, ಊರು ಮೂಡಿಗೆರೆ ಹತ್ತಿರ. ಎರಡು ವರ್ಷದಲ್ಲಿ ಮೂರು ಹೆಡ್‌ಫೋನ್ ಹಾಳಾದವು. ಮೊದಲನೆಯದು ಬ್ಯಾಗಿಂದ ತೆಗೆಯುವಾಗ ಬಲಗಡೆ ಮಡಚುವ ಜಾಗದಲ್ಲೇ ಮುರಿಯಿತು. ಎರಡನೆಯದು ಬ್ಲೂಟೂತ್, ವರ್ಷ ಆಗುವಷ್ಟರಲ್ಲಿ ಚಾರ್ಜ್ ಒಂದು ಗಂಟೆಯೂ ನಿಲ್ಲುತ್ತಿರಲಿಲ್ಲ. ಈಗ ಇರುವುದು ಮೈಕ್ ಇಲ್ಲದ ಸಾದಾ ವೈರಿನದು, ಅದರಲ್ಲಿ ಎಡಗಡೆ ಕೇಳಿಸುತ್ತಿಲ್ಲ. ಜುಲೈನಲ್ಲಿ ಊರಿಗೆ ತೆಗೆದುಕೊಂಡು ಹೋಗಿದ್ದೆ, ಮೂರು ವಾರಕ್ಕೆ ಕಿವಿಯ ಮೆತ್ತೆ ಮೇಲೆ ಬಿಳಿ ಬೂಷ್ಟು ಬಂತು, ಒರೆಸಿದರೆ ಕಪ್ಪು ರೆಕ್ಸಿನ್ ಸಿಪ್ಪೆ ಸಿಪ್ಪೆಯಾಗಿ ಎದ್ದು ಕಿವಿಗೆ, ಕೂದಲಿಗೆಲ್ಲ ಅಂಟಿಕೊಳ್ಳುತ್ತದೆ.

ಹೆಚ್ಚೆಂದರೆ 3,000 ರೂಪಾಯಿ ಹಾಕಬಹುದು. ಅದೂ ಮನೆಯಲ್ಲಿ ಕೇಳಿ. ಬಸ್ಸಲ್ಲಿ ಹಾಡು, ರಾತ್ರಿ ಲ್ಯಾಪ್‌ಟಾಪಲ್ಲಿ ವ್ಯಾಲೊರಂಟ್, ಆಗಾಗ ಫೋನಲ್ಲಿ ಬಿಜಿಎಂಐ, ಎರಡೂ ಗುಂಡು ಹೊಡೆಯುವ ಗೇಮು. ಫೋನಿಗೆ 3.5 ಎಂಎಂ ತೂತು ಇಲ್ಲ. ಸದ್ದು ತುಂಬಾ ಶ್ರೀಮಂತವಾಗಿ ಇರಬೇಕೆಂದಿಲ್ಲ, ಆದರೆ ಮೂರು ವರ್ಷವಾದರೂ ಬಾಳಿಕೆ ಬರಬೇಕು. ವೈರ್ ತಗೊಳ್ಳಲಾ, ವೈರ್‌ಲೆಸ್ಸಾ? ಗೇಮಿಂಗ್ ಎಂದೇ ಮಾರುವುದನ್ನು ತಗೊಂಡರೆ ಒಳ್ಳೆಯದಾ?

ಸಾಲಗಾಮೆ_ರಸ್ತೆ

ಗೇಮ್ ಆಡುತ್ತೀರಿ ಅಂದ ಮೇಲೆ ವೈರೇ ತಗೊಳ್ಳಿ. ಸಾಮಾನ್ಯ ಬ್ಲೂಟೂತಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಆ್ಯಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತದೆ. ಗೇಮಲ್ಲಿ ಹಾಗೆ ಮಾಡಲು ಬರುವುದಿಲ್ಲ ಅಲ್ವಾ, ಹೆಜ್ಜೆ ಸದ್ದು ಕೇಳಿ ನೀವು ತಿರುಗುವಷ್ಟರಲ್ಲಿ ಎದುರಿನವನು ಹೊಡೆದಾಗಿರುತ್ತದೆ. ಇನ್ನೊಂದು ತೊಂದರೆ ಇದೆ. ಬ್ಲೂಟೂತ್ ಹೆಡ್‌ಫೋನಿನ ಮೈಕ್ ಆನ್ ಮಾಡಿದ ತಕ್ಷಣ ಅದು ಫೋನ್ ಕರೆಯ ಮೋಡಿಗೆ ಇಳಿಯುತ್ತದೆ, ಹಾಡೂ ಗೇಮೂ ಎಲ್ಲ ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ವೈರ್‌ಲೆಸ್‌ನಲ್ಲಿ ಈ ತೊಂದರೆ ಇಲ್ಲ. ಆದರೆ ನಿಮ್ಮ ಬಜೆಟ್ಟಲ್ಲಿ ಅದನ್ನು ಹುಡುಕಿದರೆ ಬೇರೆ ಎಲ್ಲದರಲ್ಲೂ ರಾಜಿ ಆಗಬೇಕು.

ಡಬ್ಬದ ಮೇಲೆ 7.1 (ಸುತ್ತಲಿಂದ ಸದ್ದು ಬರುತ್ತದೆ ಅನ್ನುವ ಅರ್ಥ) ಅಂತ ದೊಡ್ಡದಾಗಿ ಬರೆದಿರುವುದಕ್ಕೆ, ಬಣ್ಣದ ಲೈಟಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಒಳಗೆ ಇರುವುದು ಕಿವಿಗೊಂದರಂತೆ ಎರಡೇ ಸ್ಪೀಕರ್, ಉಳಿದದ್ದು ಸಾಫ್ಟ್‌ವೇರ್ ಮಾಡುವ ಕೆಲಸ. ಒಳ್ಳೆಯ ಸ್ಟೀರಿಯೋದಲ್ಲೇ ಹೆಜ್ಜೆ ಎಡವೋ ಬಲವೋ ಚೆನ್ನಾಗಿ ಗೊತ್ತಾಗುತ್ತದೆ.

ಫೋನಿಗೆ ಟೈಪ್-ಸಿಯಿಂದ 3.5 ಎಂಎಂ ಅಡಾಪ್ಟರ್ ಬೇಕು. ಅದನ್ನು ತಗೊಳ್ಳುವಾಗ ಒಳಗೆ ಡ್ಯಾಕ್, ಅಂದರೆ ಫೋನಿನ ಡಿಜಿಟಲ್ ಸಂಕೇತವನ್ನು ಹೆಡ್‌ಫೋನಿಗೆ ಬೇಕಾದ ಸದ್ದಿನ ಸಂಕೇತವಾಗಿ ಬದಲಿಸುವ ಚಿಪ್, ಇದೆಯಾ ಅಂತ ನೋಡಿ. ಡ್ಯಾಕ್ ಇಲ್ಲದ ಅಗ್ಗದ್ದು ಕೆಲವು ಫೋನಲ್ಲಿ ಮಾತ್ರ ನಡೆಯುತ್ತದೆ, ಉಳಿದದ್ದರಲ್ಲಿ ಸದ್ದೇ ಬರುವುದಿಲ್ಲ.

ಹಂಚಿನ_ಮನೆ

ನಾನು ಕೊಪ್ಪದವಳು, ಮಳೆ ವಿಷಯ ನನಗೆ ಬಿಡಿ. ರೆಕ್ಸಿನ್ ಮೆತ್ತೆ ನಮ್ಮ ಕಡೆ ಬಾಳುವುದಿಲ್ಲ. ಬೆವರು, ತೇವ ಎರಡೂ ಸೇರಿ ಆ ಪದರ ಬಿಟ್ಟುಕೊಳ್ಳುತ್ತದೆ. ಬಟ್ಟೆಯ ಮೆತ್ತೆ ಇರುವುದನ್ನು ನೋಡಿ, ಇಲ್ಲವಾದರೆ ಮೆತ್ತೆ ಬಿಚ್ಚಿ ಬೇರೆ ಹಾಕಲು ಬರುತ್ತದಾ ಅಂತ ಕೊಳ್ಳುವ ಮೊದಲೇ ವಿಚಾರಿಸಿ. ಜೂನಿಂದ ಸೆಪ್ಟೆಂಬರ್ ತನಕ ನಾನು ಹೆಡ್‌ಫೋನನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಹೊಸ ಚಪ್ಪಲಿ ಜೊತೆ ಬರುತ್ತದಲ್ಲ ಸಿಲಿಕಾ ಜೆಲ್ ಪುಡಿಕೆ, ಅದನ್ನು ನಾಲ್ಕೈದು ಇಟ್ಟು ಮುಚ್ಚುತ್ತೇನೆ. ಬಟ್ಟೆ ಒಣಗಿಸುವ ಹಾಗೆ ಬಚ್ಚಲೊಲೆ ಹತ್ತಿರ ಮಾತ್ರ ಇಡಬೇಡಿ, ಬಿಸಿಗೆ ಅಂಟು ಬಿಡುತ್ತದೆ.

ಕಿವಿ ಪೂರ್ತಿ ಮುಚ್ಚುವ, ಹಿಂದೆ ಜಾಲರಿ ಇಲ್ಲದ ಮಾದರಿ ತಗೊಳ್ಳಿ. ಹಿಂದೆ ತೆರೆದಿರುವುದರಲ್ಲಿ ಹಾಡು ಹಗುರವಾಗಿ, ಅಗಲವಾಗಿ ಕೇಳುತ್ತದೆ, ನಿಜ. ಆದರೆ ಹಂಚಿನ ಮೇಲೆ ಮಳೆ ಹೊಡೆಯುವಾಗ ಏನೂ ಕೇಳದೆ ಸುಮ್ನೆ ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಮೀರಬಾರದು ಅಂತ. ನೀವು ಬಸ್ಸಲ್ಲೂ ಕೇಳಿ ರಾತ್ರಿಯೂ ಆಡುತ್ತೀರಿ, ಗಂಟೆ ಬೇಗ ತುಂಬುತ್ತದೆ. ಕಿವಿ ಜೋಪಾನ ತಮ್ಮಾ.

ಸೀಸದ_ಕಡ್ಡಿ

ಸಕಲೇಶಪುರದಲ್ಲಿ ಹನ್ನೊಂದು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಮೇಜಿಗೆ ಬರುವ ಹೆಡ್‌ಫೋನಲ್ಲಿ ಸ್ಪೀಕರ್ ಸತ್ತಿರುವುದು ತೀರಾ ಕಡಿಮೆ. ಹೋಗಿರುವುದು ವೈರು, ಅದೂ ಪಿನ್ ಬುಡದಲ್ಲಿ, ಇಲ್ಲವೇ ವೈರ್ ಕಿವಿಯೊಳಗೆ ಹೋಗುವ ಜಾಗದಲ್ಲಿ. ಆಮೇಲೆ ಮಡಚುವ ಪ್ಲಾಸ್ಟಿಕ್. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಬ್ರ್ಯಾಂಡ್ ಆಮೇಲೆ ನೋಡಿ, ಮೊದಲು ವೈರ್ ಕಿತ್ತು ಬೇರೆ ಹಾಕಲು ಬರುತ್ತದಾ, ಮೆತ್ತೆ ಬದಲಿಸಲು ಬರುತ್ತದಾ, ತಲೆಯ ಪಟ್ಟಿ ಎಳೆದಾಗ ಒಳಗೆ ಸ್ಟೀಲ್ ತಗಡು ಕಾಣುತ್ತದಾ, ಇಷ್ಟು ನೋಡಿ. ಮಡಚಲು ಬರದ ಮಾದರಿ ಜಾಸ್ತಿ ಬಾಳುತ್ತದೆ. ಸೋನಿಯ ಎಂಡಿಆರ್-7506 ಅಂತ ಒಂದಿದೆ, 1991ರಲ್ಲಿ ಬಂದದ್ದು, ಸ್ಟುಡಿಯೋದವರು ಇವತ್ತಿಗೂ ಬಳಸುತ್ತಾರೆ. ನಿಮ್ಮ ಬಜೆಟ್ಟಿಗೆ ಅದು ಬರುವುದಿಲ್ಲ, ಆದರೆ ಬಿಡಿಭಾಗ ಸಿಕ್ಕಿದರೆ ಒಂದು ಮಾಲು ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೆ ಹೇಳಿದೆ.

ಕಡ್ಡಿ ಮೈಕ್ ಇರುವ ಗೇಮಿಂಗ್ ಹೆಡ್‌ಸೆಟ್ ಬದಲು ಹಾಡಿನ ಹೆಡ್‌ಫೋನ್ ತಗೊಂಡು, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಬೇರೆ ಹಾಕಿಕೊಳ್ಳಿ. ಒಂದು ಹಾಳಾದರೆ ಇನ್ನೊಂದು ಉಳಿಯುತ್ತದೆ. ಲ್ಯಾಪ್‌ಟಾಪಲ್ಲಿ ಒಂದೇ ತೂತಿದ್ದರೆ ಎರಡು ಬಾಯಿಯ ಸ್ಪ್ಲಿಟರ್ ಬೇಕು, ಅದರ ಪಿನ್ನಲ್ಲಿ ಮೂರು ಕಪ್ಪು ಗೆರೆ ಇರಬೇಕು.

ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಈಗಿರುವುದನ್ನು ಹಾಕಿಕೊಂಡು ಹಾಡು ಬಿಟ್ಟು, ವೈರನ್ನು ಪಿನ್ ಹತ್ತಿರ ಮೆಲ್ಲಗೆ ಬಗ್ಗಿಸಿ ನೋಡಿ.

ಮೂಡಿಗೆರೆ_ಹುಡುಗ

ಅಣ್ಣಾ, ನೀವು ಹೇಳಿದ ಹಾಗೆ ಮಾಡಿದೆ. ಪಿನ್ನಿಂದ ಒಂದು ಬೆರಳಗಲ ಮೇಲೆ ಬಗ್ಗಿಸಿ ಹಿಡಿದರೆ ಎಡಗಡೆ ಚೆನ್ನಾಗಿ ಕೇಳುತ್ತದೆ, ಬಿಟ್ಟರೆ ಹೋಗುತ್ತದೆ! ಹಾಸ್ಟೆಲಲ್ಲಿ ಗೆಳೆಯನ ಹತ್ತಿರ ಸೋಲ್ಡರಿಂಗ್ ಕಡ್ಡಿ ಇದೆ. ಹೊಸ ಪಿನ್ ನಾನೇ ಹಾಕಬಹುದಾ?

ಸೀಸದ_ಕಡ್ಡಿ

ಧಾರಾಳವಾಗಿ ಹಾಕಿ. ಎರಡು ಗೆರೆಯ ಹೊಸ ಪಿನ್ ತನ್ನಿ, ತಿರುಪಿನ ಮುಚ್ಚಳ ಇರುವುದು. ಕೆಟ್ಟ ಜಾಗದಿಂದ ಎರಡು ಇಂಚು ಮೇಲೆ ಕತ್ತರಿಸಿ, ಮುಚ್ಚಳವನ್ನು ಮೊದಲೇ ವೈರಿಗೆ ಪೋಣಿಸಿ, ಆಮೇಲೆ ನೆನಪಾದರೆ ಎಲ್ಲ ಬಿಚ್ಚಬೇಕಾಗುತ್ತದೆ. ಒಳಗಿನ ಎಳೆಗಳಿಗೆ ಬಣ್ಣದ ವಾರ್ನಿಷ್ ಇರುತ್ತದೆ, ಅದರ ಮೇಲೆ ಸೀಸ ಕೂರುವುದಿಲ್ಲ. ಕಡ್ಡಿಯ ತುದಿಯಲ್ಲಿ ಸೀಸದ ಹನಿ ಇಟ್ಟು, ವಾರ್ನಿಷ್ ಸುಟ್ಟು ಎಳೆ ಬೆಳ್ಳಗೆ ಹೊಳೆಯುವ ತನಕ ಅದರಲ್ಲೇ ಅದ್ದಿ ಹಿಡಿಯಿರಿ. ಕಿಟಕಿ ತೆಗೆದಿಡಿ, ಹೊಗೆ ಬರುತ್ತದೆ. ಸಾಮಾನ್ಯವಾಗಿ ಹಸಿರು ಅಥವಾ ನೀಲಿ ಎಡಕ್ಕೆ, ಅದು ಪಿನ್ನಿನ ತುದಿಗೆ. ಕೆಂಪು ಬಲಕ್ಕೆ, ನಡುವಿನ ಉಂಗುರಕ್ಕೆ. ತಾಮ್ರದ ಬಣ್ಣದ್ದು ಎರಡೂ ಕಡೆಯದನ್ನು ಸೇರಿಸಿ ಬುಡಕ್ಕೆ. ಮುಚ್ಚಳ ತಿರುಗಿಸುವ ಮೊದಲು ಹಾಡು ಹಾಕಿ ಎರಡೂ ಕಿವಿ ಕೇಳಿ ನೋಡಿ.